ಹೆಗಲು ಸರಿ ಕೂತರೆ ಅಂಗಿ ಗೆದ್ದಂತೆ!

ಕಾಲೇಜಿಗೆ ಮೊದಲ ಕ್ಯಾಂಪಸ್ ಇಂಟರ್‌ವ್ಯೂ ಬರುತ್ತದೆ ಎಂದು ಗೊತ್ತಾದ ದಿನದಿಂದ ನಮ್ಮ ಹಾಸ್ಟೆಲ್‌ನಲ್ಲಿ ಬರೀ ಫಾರ್ಮಲ್ಸ್ ಮಾತು. ನಾನೂ ಆನ್‌ಲೈನ್‌ನಲ್ಲಿ 1,299 ರೂಪಾಯಿಯ ಅಂಗಿ ತರಿಸಿಕೊಂಡು, ಶನಿವಾರ ಗದಗಿಗೆ ಹೋಗಿ ಅವ್ವನಿಗೆ ತೋರಿಸಿದೆ.

ಅವ್ವ ಬ್ರ್ಯಾಂಡ್ ಕೇಳಲಿಲ್ಲ. ಅಂಗಿ ತಿರುವಿ ಒಳಗಿನ ಹೊಲಿಗೆ ನೋಡಿದಳು. ನನಗೆ ತೊಡಿಸಿ ಹೆಗಲ ಮೇಲೆ ಬೆರಳಿಟ್ಟಳು.

‘ಹೆಗಲಿನ ಹೊಲಿಗಿ ತೋಳಿಗೆ ಇಳದೈತಿ. ಪಕ್ಕ ಹಿಡಿಸಬಹುದು, ತೋಳು ಮೊಟಕು ಮಾಡಬಹುದು. ಹೆಗಲು ಕೆಟ್ರ ಮುಗೀತು. ವಾಪಸ್ ಕಳಿಸು.’

ಹೊಲಿಗೆ ಮಷಿನ್ ತುಳಿದೇ ನನ್ನ ಫೀಸು ಕಟ್ಟಿದವಳು ಅವಳು. ಆದರೂ ನನಗೆ ಸಿಟ್ಟು ಬಂತು. ಸಂಜೆ ಪೇಟೆಯಿಂದ ಎರಡೂವರೆ ಮೀಟರ್ ತಿಳಿನೀಲಿ ಕಾಟನ್ ತಂದು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟಳು. ‘ಹತ್ತಿ ಬಟ್ಟಿ ಮೊದಲನೇ ಒಗೆತಕ್ಕ ಕುಗ್ಗತೈತಿ. ಕತ್ತರಿಸೋಕಿಂತ ಮೊದಲೇ ಕುಗ್ಗಲಿ’ ಎಂದಳು.

ಭಾನುವಾರ ಹೊಲಿಯುತ್ತಾ ತನ್ನ ಮದುವೆಯ ಇಳಕಲ್ ಸೀರೆ ತೋರಿಸಿದಳು. ಅದರ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಕೂಡಿಸಿರುತ್ತಾರೆ. ‘ಇಪ್ಪತ್ತೆರಡು ವರ್ಷ ಆತು, ಕೂಡಿಸಿದ ಜಾಗ ಬಿಟ್ಟಿಲ್ಲ ನೋಡು. ಬಟ್ಟಿ ಕೊಳ್ಳುವಾಗ ಮೊದಲು ಕೂಡಿದ ಜಾಗ ನೋಡಬೇಕು.’

ಹಾಸ್ಟೆಲ್‌ಗೆ ಬಂದಾಗ ರೂಮ್‌ಮೇಟ್ ಅಂಗಿ ಮುಟ್ಟಿ ನೋಡಿ, ‘ಸೂಪರ್ ಫಿಟ್ಟಿಂಗ್, ಎಲ್ಲಿ ತಗೊಂಡಿ?’ ಎಂದ. ‘ಹುಬ್ಬಳ್ಳಿ ಮಾಲ್‌ನ್ಯಾಗ’ ಎಂದುಬಿಟ್ಟೆ. ಯಾಕೆ ಹಾಗೆಂದೆನೋ!

ಇಂಟರ್‌ವ್ಯೂನಲ್ಲಿ ಅಂಗಿ ಪಾಸಾಯಿತು, ನಾನು ಫೇಲಾದೆ. ಎರಡು ಟೇಬಲ್ ಕೂಡಿಸುವ ಸರಳ ಜಾಯಿನ್ ಕ್ವೆರಿ ಬರೆಯಲು ತಡವರಿಸಿದೆ. ಫೋನ್ ಮಾಡಿದರೆ ಅವ್ವನ ಮೊದಲ ಪ್ರಶ್ನೆ, ‘ಹೆಗಲು ಬಿಗಿ ಆತೇನು?’

‘ಇಲ್ಲವ್ವ, ಅಂಗಿ ಹಾಕ್ಕೊಂಡಿದ್ದೇ ನೆನಪಿರಲಿಲ್ಲ.’

‘ಹಂಗಾದ್ರ ನನ್ನ ಕೆಲಸ ನಾ ಮಾಡೇನಿ. ಉಳಿದದ್ದು ನಿಂದು.’

ಆ ಮಾತು ಫೇಲಾದದ್ದಕ್ಕಿಂತ ಹೆಚ್ಚು ಚುಚ್ಚಿತು. ಅವಳ ಕೆಲಸವನ್ನು ನಾನು ಮಾಲ್‌ನ ಲೆಕ್ಕಕ್ಕೆ ಬರೆದಿದ್ದೆನಲ್ಲ! ಅಂದು ರಾತ್ರಿಯೇ ರೂಮ್‌ಮೇಟ್‌ಗೆ ನಿಜ ಹೇಳಿದೆ. ಅವನು ನಗಲಿಲ್ಲ. ‘ನನಗೂ ಒಂದು ಹೊಲಿದು ಕೊಡ್ತಾರೇನೋ?’ ಎಂದ. ಈಗ ನಮ್ಮ ಫ್ಲೋರ್‌ನಿಂದ ಮೂರು ಆರ್ಡರ್.

ಅವ್ವನಿಗೆ ಹೇಳಿದಾಗ ನಕ್ಕಳು. ‘ಅಳತಿ ಅಂಗಿ ಕಳಿಸಾಕ ಹೇಳು. ದೋಸ್ತರಾದ್ರೂ ಹೊಲಿಗಿ ಕೂಲಿ ಮಾತ್ರ ಬಿಡಂಗಿಲ್ಲ ನೋಡು!’

ಮುಂದಿನ ಇಂಟರ್‌ವ್ಯೂಗೂ ಅದೇ ತಿಳಿನೀಲಿ ಅಂಗಿ. ಸದ್ಯ ಜಾಯಿನ್ ಕ್ವೆರಿ ಓದುತ್ತಿದ್ದೇನೆ.