ನಿಮಗಿದು ಗೊತ್ತೇ? ಕಡೂರು ಜಿಲ್ಲೆಯ ಖನಿಜ

ಬಾಬಾಬುಡನ್‌ಗಿರಿ ಎಂದರೆ ಕಾಫಿ ನೆನಪಾಗುವುದು ಸಹಜ. ಆದರೆ ಆ ಗಿರಿಯ ಹೆಸರಿನಲ್ಲಿ ಒಂದು ಖನಿಜವೂ ಇತ್ತು! ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಅಲ್ಲಿನ ಕಬ್ಬಿಣದ ಪಟ್ಟೆಕಲ್ಲುಗಳಲ್ಲಿ ಕಂಡ ಖನಿಜವೊಂದನ್ನು 1908ರಲ್ಲಿ ‘ಬಾಬಾಬುಡನೈಟ್’ ಎಂದು ಕರೆದರು. ವಿಳಾಸ: ಕಡೂರು ಜಿಲ್ಲೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಅದೇ ಹೆಸರು. ತರೀಕೆರೆ, ಅಜ್ಜಂಪುರ ಎಲ್ಲ ಅದರೊಳಗೇ.

ಅಂದು ಖನಿಜ ಪತ್ತೆಗೆ ಮುಖ್ಯವಾಗಿ ಇದ್ದದ್ದು ರಾಸಾಯನಿಕ ವಿಶ್ಲೇಷಣೆ ಮತ್ತು ಸೂಕ್ಷ್ಮದರ್ಶಕ. ಕಲ್ಲನ್ನು ಸುಮಾರು 0.03 ಮಿ.ಮೀ. ದಪ್ಪಕ್ಕೆ ತೇಯ್ದರೆ ಬೆಳಕು ಒಳಗಿಂದ ಹಾಯುತ್ತದೆ. ಧ್ರುವೀಕೃತ ಬೆಳಕಿನಲ್ಲಿ ತಿರುಗಿಸುತ್ತ ಹೋದರೆ ಬಾಬಾಬುಡನೈಟ್ ನೀಲಿಯಿಂದ ನೇರಳೆಗೆ ಬಣ್ಣ ಬದಲಿಸುತ್ತದೆ. ಒಳಗೆ ಪರಮಾಣುಗಳು ಹೇಗೆ ಕೂತಿವೆ? ಅದನ್ನು ನೋಡುವ ದಾರಿ ಯಾರಿಗೂ ತಿಳಿದಿರಲಿಲ್ಲ.

ದಾರಿ ತೆರೆದದ್ದು 1912ರಲ್ಲಿ. ಹರಳಿನೊಳಕ್ಕೆ ಎಕ್ಸ್‌ರೇ ಹಾಯಿಸಿದರೆ ಹೊರಗೆ ಚುಕ್ಕೆಗಳ ವಿನ್ಯಾಸ ಮೂಡುತ್ತದೆಂದು ಜರ್ಮನಿಯಲ್ಲಿ ಲಾವೆ ತಂಡ ತೋರಿಸಿತು. ಚುಕ್ಕೆಗಳ ಜಾಗ ಮತ್ತು ಕಾಂತಿಯಿಂದ ಪರಮಾಣುಗಳ ನೆಲೆ ಲೆಕ್ಕ ಹಾಕುವುದನ್ನು ಬ್ರಾಗ್ ತಂದೆ-ಮಗ ಕಲಿಸಿದರು. 1915ರ ನೊಬೆಲ್ ಬಂದಾಗ ಮಗನಿಗೆ ಬರೀ 25 ವರ್ಷ.

ಬಾಬಾಬುಡನೈಟ್ ಸೇರುವ ಆಂಫಿಬೋಲ್ ಕುಲದ ಗುಟ್ಟು ರಟ್ಟಾದದ್ದು 1929ರ ಸುಮಾರಿಗೆ. ಸಿಲಿಕಾನ್-ಆಕ್ಸಿಜನ್ ಘಟಕಗಳು ಅದರಲ್ಲಿ ಜೋಡಿ ಜಡೆಯಂತೆ ಉದ್ದಕ್ಕೂ ಹೆಣೆದುಕೊಂಡಿವೆ ಎಂದು ಬಿ. ಇ. ವಾರೆನ್ ಕಂಡುಹಿಡಿದರು. ಈ ಕುಲದ ಖನಿಜಗಳು ಎಳೆಎಳೆಯಾಗಿ, ಸೂಜಿಯಂತೆ ಬೆಳೆಯುವುದು ಅದಕ್ಕೇ. ಸುಮಾರು 56 ಮತ್ತು 124 ಡಿಗ್ರಿ ಕೋನದಲ್ಲೇ ಸೀಳುವುದೂ ಅದಕ್ಕೇ.

ಇನ್ನು ಬೇಸರದ ಸಂಗತಿ: ಹೆಸರು ಉಳಿಯಲಿಲ್ಲ! ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ 1978ರಲ್ಲಿ ಆಂಫಿಬೋಲ್ ಹೆಸರುಗಳನ್ನು ಜರಡಿ ಹಿಡಿದಾಗ ಬಾಬಾಬುಡನೈಟ್ ಕೆಳಗೆ ಬಿತ್ತು. ಅದೀಗ ‘ಮೆಗ್ನೀಸಿಯೋ-ರೀಬೆಕೈಟ್’. ರೀಬೆಕ್ ಎಂಬ ಜರ್ಮನ್ ಪ್ರವಾಸಿಯ ನೆನಪು ಉಳಿಯಿತು, ನಮ್ಮ ಬೆಟ್ಟದ್ದು ಅಳಿಯಿತು. ನಿಯಮ ಸರಿಯೇ ಇರಬಹುದು, ಹೊಟ್ಟೆ ಉರಿಯದೇ ಇರುತ್ತದೆಯೇ?

ಇನ್ನು ಇಲ್ಲಿನ ಕಬ್ಬಿಣದ ಕಥೆ: ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿಕೊಂಡ ಭದ್ರಾವತಿಯ ಕುಲುಮೆ ಹೊತ್ತಿದ್ದು 1923ರಲ್ಲಿ. ಕಬ್ಬಿಣದ ಮುಖ್ಯ ಅದಿರಾದ ಹೆಮಟೈಟ್‌ನ ಹರಳು ರಚನೆಯನ್ನು ಪೌಲಿಂಗ್ ಮತ್ತು ಹೆಂಡ್ರಿಕ್ಸ್ ಬಿಡಿಸಿದ್ದು 1925ರಲ್ಲಿ. ಕರಗಿಸಿದ್ದು ಮೊದಲು, ಅರಿತದ್ದು ಆಮೇಲೆ!

ಈಗ ಯಾರಾದರೂ ಹೊಸ ಖನಿಜ ಸಿಕ್ಕಿತೆಂದರೆ ಅದೇ ಅಂತರರಾಷ್ಟ್ರೀಯ ಸಂಘದ ಆಯೋಗ ರಾಸಾಯನಿಕ ಸೂತ್ರ ಮತ್ತು ಹರಳಿನ ವಿವರ ಎರಡನ್ನೂ ಕೇಳುತ್ತದೆ, ಮಾದರಿ ಕಲ್ಲನ್ನು ಸಂಗ್ರಹಾಲಯಕ್ಕೆ ಕೊಡಬೇಕು. ಎಕ್ಸ್‌ರೇ ಯಂತ್ರಕ್ಕೆ 0.1 ಮಿ.ಮೀ.ನ ಚೊಕ್ಕ ಹರಳೊಂದು ಧಾರಾಳ ಸಾಕು.

ಯಂತ್ರವಿಲ್ಲದವರಿಗೂ ಒಂದು ಪರೀಕ್ಷೆ ಇದೆ. ಅದಿರಿನ ಚೂರನ್ನು ಹೊಳಪಿಲ್ಲದ ಬಿಳಿ ಟೈಲ್ಸ್‌ನ ಹಿಂಬದಿಗೆ ಉಜ್ಜಿ: ಕೆಂಗಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್.