ಹಳೆಯ ಮನೆಗಣಕಗಳ ಬಣ್ಣದ ಲೆಕ್ಕ

ಗಣಕದ ಪರದೆಯ ಮೇಲಿನ ಚಿತ್ರ ಚುಕ್ಕೆಗಳಿಂದಾದದ್ದು. ಪ್ರತಿ ಚುಕ್ಕೆಯ ಬಣ್ಣವನ್ನೂ ಗಣಕವು ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡಿರಬೇಕು. ಎರಡೇ ಬಣ್ಣಗಳಿದ್ದರೆ ಒಂದು ಚುಕ್ಕೆಗೆ ಒಂದು ಬಿಟ್ ಸಾಕು. ನಾಲ್ಕು ಬಣ್ಣಗಳಿಗೆ ಎರಡು ಬಿಟ್, ಹದಿನಾರಕ್ಕೆ ನಾಲ್ಕು ಬಿಟ್ ಬೇಕು. ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ಸ್ಮೃತಿಯು ಗಿಗಾಬೈಟ್‌ಗಳಲ್ಲಿ ದೊರೆಯುವ ಇಂದು ಈ ಲೆಕ್ಕ ಹಾಕುವವರು ಕಡಿಮೆ. 1980ರ ದಶಕದ ಆರಂಭದ ಮನೆಗಣಕಗಳಲ್ಲಿ ಮಾತ್ರ ಎಲ್ಲವೂ ಇದರ ಮೇಲೆಯೇ ನಿಂತಿತ್ತು. ಆ ಕಾಲದ ಮೂರು ಯಂತ್ರಗಳು ಇದಕ್ಕೆ ಮೂರು ಬಗೆಯ ಉತ್ತರ ಕೊಟ್ಟವು.

ಮೊದಲನೆಯದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಬಿಬಿಸಿ ಮೈಕ್ರೊ. ಭಾರತ ಸರ್ಕಾರ 1984ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ನಮ್ಮ ಶಾಲೆಗಳಿಗೆ ಬಂದದ್ದೂ ಇದೇ. ಇದರ 'ಬಿ' ಮಾದರಿಯಲ್ಲಿ 32 ಕಿಲೋಬೈಟ್ ಸ್ಮೃತಿ. ಚಿತ್ರಕ್ಕೆ ಹಲವು 'ಮೋಡ್'ಗಳು. ಮೋಡ್ 0ರಲ್ಲಿ 640×256 ಚುಕ್ಕೆ, 2 ಬಣ್ಣ. ಮೋಡ್ 1ರಲ್ಲಿ 320×256 ಚುಕ್ಕೆ, 4 ಬಣ್ಣ. ಮೋಡ್ 2ರಲ್ಲಿ 160×256 ಚುಕ್ಕೆ, ಚುಕ್ಕೆಗೆ 4 ಬಿಟ್. ಗುಣಿಸಿ ನೋಡಿ: ಮೂರರಲ್ಲೂ ಉತ್ತರ 1,63,840 ಬಿಟ್, ಅಂದರೆ 20,480 ಬೈಟ್. ಬಣ್ಣ ಹೆಚ್ಚಬೇಕೆ? ಚುಕ್ಕೆಗಳನ್ನು ಬಿಟ್ಟುಕೊಡಿ. ಉಳಿದ 12,288 ಬೈಟ್‌ಗಳಲ್ಲಿ ಯಂತ್ರದ ಸ್ವಂತ ಬಳಕೆಗೆ ಹೋದದ್ದನ್ನು ಕಳೆದರೆ, ಟೇಪ್ ಬಳಸುವವರಿಗೆ ಸುಮಾರು ಎಂಟೂವರೆ ಕಿಲೋಬೈಟ್ ಮಾತ್ರ. ಇಡೀ ಕ್ರಮವಿಧಿ ಅಷ್ಟರಲ್ಲೇ ಹಿಡಿಯಬೇಕು.

ಇದರಲ್ಲಿ ವೇಗದ ಪ್ರಶ್ನೆಯೂ ಇದೆ. ಟಿ.ವಿ. ಪರದೆಯಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಗೆರೆ ಎಳೆದು ಮುಂದಿನ ಗೆರೆಗೆ ಬರಲು 64 ಮೈಕ್ರೊಸೆಕೆಂಡ್. ಮೋಡ್ 0ರಲ್ಲಿ ಅದರ 40 ಮೈಕ್ರೊಸೆಕೆಂಡ್‌ಗಳಲ್ಲಿ 80 ಬೈಟ್‌ಗಳನ್ನು ಸ್ಮೃತಿಯಿಂದ ಓದಬೇಕು. ಏಕಾರ್ನ್‌ನವರು ಪ್ರೊಸೆಸರಿಗಿಂತ ಎರಡು ಪಟ್ಟು ವೇಗದ, 4 ಮೆಗಾಹರ್ಟ್ಸ್ ಸ್ಮೃತಿಯನ್ನು ಹಾಕಿ, ಒಂದು ಸರದಿ ಪ್ರೊಸೆಸರಿಗೆ, ಮುಂದಿನದು ಚಿತ್ರಕ್ಕೆ ಎಂದು ಹಂಚಿದರು. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಮೂರರಲ್ಲಿ ಅತ್ಯಂತ ಶುದ್ಧ ವಿನ್ಯಾಸ ಇದೆಂದು ನನ್ನ ಎಣಿಕೆ. ಬೆಲೆಯೂ ಅದಕ್ಕೆ ತಕ್ಕಂತೆ ಇತ್ತೆನ್ನಿ.

ಬೆಲೆ ಇಳಿಸುವುದೇ ಗುರಿಯಾಗಿದ್ದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ 1982ರಲ್ಲಿ ಬಂತು. 16 ಕಿಲೋಬೈಟ್ ಮಾದರಿಗೆ 125 ಪೌಂಡ್. ಪರದೆ 256×192, ಅಂದರೆ 49,152 ಚುಕ್ಕೆ. ಚುಕ್ಕೆಗೆ 4 ಬಿಟ್ ಕೊಟ್ಟರೆ 24,576 ಬೈಟ್. ಯಂತ್ರದ ಸ್ಮೃತಿಗಿಂತ ಚಿತ್ರವೇ ದೊಡ್ಡದಾಯಿತು! ಆದ್ದರಿಂದ ಚುಕ್ಕೆಗೆ ಒಂದೇ ಬಿಟ್ ಕೊಟ್ಟು 6,144 ಬೈಟ್‌ಗಳಲ್ಲಿ ಆಕಾರವನ್ನಷ್ಟೇ ಇಟ್ಟರು. ಪರದೆಯನ್ನು 8×8 ಚುಕ್ಕೆಗಳ 768 ಚೌಕಗಳಾಗಿ ಭಾಗಿಸಿ, ಚೌಕಕ್ಕೊಂದು ಬಣ್ಣದ ಬೈಟ್ ಇಟ್ಟರು: ಗೆರೆಯ ಬಣ್ಣಕ್ಕೆ 3 ಬಿಟ್, ಹಿನ್ನೆಲೆಗೆ 3, ಹೊಳಪಿಗೆ 1, ಮಿನುಗಿಗೆ 1. ಒಟ್ಟು 6,912 ಬೈಟ್. ಎಂಟು ಬಣ್ಣ, ಎರಡು ಹೊಳಪು. ಕಪ್ಪು ಹೇಗೂ ಕಪ್ಪೇ, ಹಾಗಾಗಿ 15 ಬಣ್ಣ.

ಇದರ ದಂಡವನ್ನು ಆಟಗಾರರು ತೆತ್ತರು. ಒಂದು ಚೌಕದಲ್ಲಿ ಎರಡೇ ಬಣ್ಣ ಸಾಧ್ಯ. ಕೆಂಪು ಅಂಗಿಯವನು ಹಸಿರು ಮರದ ಮುಂದೆ ಓಡಿದರೆ ಅವನ ಸುತ್ತಲಿನ ಮರವೂ ಚೌಕಚೌಕವಾಗಿ ಕೆಂಪಾಗುತ್ತಿತ್ತು. ಅನೇಕ ಆಟಗಳು ಕ್ರೀಡಾಂಗಣವನ್ನು ಏಕವರ್ಣದಲ್ಲೇ ಬರೆದದ್ದು ಈ ಕಾರಣಕ್ಕೆ.

ಅದೇ ವರ್ಷ ಅಮೆರಿಕದಲ್ಲಿ ಬಂದ ಕಮೊಡೋರ್ 64 ಗಣಕದ್ದು ಬೇರೆ ದಾರಿ. 64 ಕಿಲೋಬೈಟ್ ಸ್ಮೃತಿಯಿದ್ದರೂ 320×200 ಚುಕ್ಕೆಗಳ ಚಿತ್ರಕ್ಕೆ ಅದೂ ಚೌಕಗಳ ಉಪಾಯವನ್ನೇ ಬಳಸಿತು. ಆದರೆ ಚಲಿಸುವ ವಸ್ತುಗಳನ್ನು ಚಿತ್ರದೊಳಗೆ ಬರೆಯುವ ಬದಲು, ವಿಐಸಿ-2 ಎಂಬ ಚಿಪ್ ಅವನ್ನು ಪರದೆಗೆ ಹೋಗುವ ಸಂಕೇತದಲ್ಲೇ ಬೆರೆಸುತ್ತಿತ್ತು. 'ಸ್ಪ್ರೈಟ್' ಎಂಬ ಇಂಥ ಎಂಟು ಆಕೃತಿಗಳು. ಒಂದೊಂದೂ 24×21 ಚುಕ್ಕೆ, 63 ಬೈಟ್. ಸ್ಥಾನದ ಅಂಕಿ ಬದಲಿಸಿದರೆ ಆಕೃತಿ ಸರಿಯುತ್ತದೆ. ಹಿಂದಿನ ಮರ ಹಸಿರಾಗಿಯೇ ಉಳಿಯುತ್ತದೆ. ಜಾಣರು ಇನ್ನೂ ಮುಂದೆ ಹೋದರು. ಕಿರಣ ಒಂದು ಸ್ಪ್ರೈಟನ್ನು ದಾಟಿ ಕೆಳಗಿಳಿದೊಡನೆ ಅದನ್ನೇ ಎತ್ತಿ ಕೆಳಗೆ ಮತ್ತೊಮ್ಮೆ ಇಟ್ಟರೆ, ಎಂಟು ಇದ್ದದ್ದು ಹದಿನಾರಾಗಿ ಕಾಣುತ್ತದೆ.

ಸ್ಪೆಕ್ಟ್ರಮ್‌ನ 3.5 ಮೆಗಾಹರ್ಟ್ಸ್ ಪ್ರೊಸೆಸರ್ ಕಮೊಡೋರ್‌ನ ಸುಮಾರು 1 ಮೆಗಾಹರ್ಟ್ಸ್‌ಗಿಂತ ಮೂರೂವರೆ ಪಟ್ಟು ವೇಗದ್ದೆಂದು ಯಾರಾದರೂ ವಾದಿಸಿದರೆ ನಂಬಬೇಡಿ. ಝಡ್80ರ ಅತಿ ಚಿಕ್ಕ ಆದೇಶಕ್ಕೆ 4 ಮಿಡಿತ ಬೇಕು. ಕಮೊಡೋರ್‌ನ 6510ಕ್ಕೆ 2 ಸಾಕು.

ಇನ್ನು ನಮ್ಮ ಲಿಪಿಯ ವಿಚಾರ. ಬಿಬಿಸಿ ಯಂತ್ರದ ಮೋಡ್ 7 ಅತಿ ಮಿತವ್ಯಯಿ. ಇಡೀ ಪರದೆಗೆ ಒಂದು ಕಿಲೋಬೈಟ್. ಆದರೆ ಅದರ ಅಕ್ಷರಗಳು ಚಿಪ್‌ನಲ್ಲಿ ಕೆತ್ತಿದ ರೋಮನ್ ಅಕ್ಷರಗಳು, ಬದಲಿಸುವಂತಿಲ್ಲ. ಕನ್ನಡ ಬೇಕಾದರೆ ಚಿತ್ರದ ಮೋಡ್‌ಗಳಿಗೇ ಹೋಗಿ, 8×8 ಚೌಕದಲ್ಲಿ 8 ಬೈಟ್‌ಗಳಿಂದ ಅಕ್ಷರ ರಚಿಸಬೇಕು. ಹೆಚ್ಚುವರಿ ಸ್ಮೃತಿ ತೆಗೆದಿಡದಿದ್ದರೆ ಇಂಥ 32 ಚೌಕಗಳಿಗಷ್ಟೇ ಅವಕಾಶ. ನಮ್ಮ ವರ್ಣಮಾಲೆಯಲ್ಲೇ 49 ಅಕ್ಷರಗಳಿವೆ. 'ಸ್ತ್ರೀ' ಎಂದು ಬರೆಯಲು ಒಂದು ಚೌಕ ಸಾಲದು, ಒತ್ತಕ್ಷರಗಳಿಗೆ ಕೆಳಗೆ ಇನ್ನೊಂದು, ದೀರ್ಘಕ್ಕೆ ಪಕ್ಕದಲ್ಲಿ ಮತ್ತೊಂದು ಬೇಕು.