ಎಂಜಿನಿಯರಿಂಗ್ ಭೌತಶಾಸ್ತ್ರ: ಸಾಲವೆಷ್ಟು, ಗಳಿಕೆಯೆಷ್ಟು?

ವಿದ್ಯಾಧನವನ್ನು ಕಳ್ಳರು ಕದಿಯಲಾರರು, ದಾಯಾದಿಗಳು ಪಾಲು ಕೇಳಲಾರರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ನಿಜ. ಆದರೆ ಆ ಧನವನ್ನು ಸಾಲ ಮಾಡಿ ಸಂಪಾದಿಸಿದ ಪಕ್ಷದಲ್ಲಿ, ಅದರ ಫಲದಲ್ಲಿ ಪಾಲು ಕೇಳಲು ಬ್ಯಾಂಕು ಬಂದೇ ಬರುತ್ತದೆ. ಅದೂ ಹತ್ತು ಹದಿನೈದು ವರ್ಷಗಳ ಕಾಲ.

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ವಂಡ್ಸೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು, ಒಂದಿಷ್ಟು ಗದ್ದೆ. ಮಗಳು ದ್ವಿತೀಯ ಪಿ.ಯು.ಸಿ. ಮುಗಿಸಿದ್ದಾಳೆ, ಭೌತಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಎಂಜಿನಿಯರಿಂಗ್ ಭೌತಶಾಸ್ತ್ರವೆಂಬ ಪದವಿಯೊಂದಿದೆಯೆಂದು ಕೇಳಿದ್ದಾಳೆ. ‘ಅದನ್ನು ಓದಿದರೆ ಸಂಬಳವೆಷ್ಟು?’ ಎಂದು ತಂದೆ ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ, ಆದರೆ ಅರ್ಧ ಮಾತ್ರ. ‘ಸಾಲವೆಷ್ಟು?’ ಎಂಬ ಉಳಿದರ್ಧವನ್ನು ಅದಕ್ಕೆ ಸೇರಿಸಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದು ಎಂಥ ವಿದ್ಯೆ?

ಕ್ವಾಂಟಂ ಸಿದ್ಧಾಂತ, ವಿದ್ಯುತ್ಕಾಂತತೆ, ದ್ಯುತಿಶಾಸ್ತ್ರ, ಘನವಸ್ತುಗಳ ಗುಣಧರ್ಮ ಇವುಗಳ ಜೊತೆಗೆ ಎಲೆಕ್ಟ್ರಾನಿಕ್ಸ್, ಅಳತೆಯ ಉಪಕರಣಗಳು, ಗಣಕದ ಬಳಕೆ ಇವನ್ನೂ ಕಲಿಸುವ ನಾಲ್ಕು ವರ್ಷಗಳ ಪಠ್ಯಕ್ರಮವಿದು. ಮುಂಬಯಿ, ದೆಹಲಿ, ಮದರಾಸು ಮೊದಲಾದ ಐ.ಐ.ಟಿ.ಗಳಲ್ಲಿಯೂ ನಮ್ಮ ಧಾರವಾಡದ ಐ.ಐ.ಟಿ.ಯಲ್ಲಿಯೂ ಇದು ಇದೆ.

ಈ ಎರಡು ವಿದ್ಯೆಗಳ ಸಂಗಮದಿಂದ ಏನಾದೀತೆಂಬುದಕ್ಕೆ ಜಾನ್ ಬಾರ್ಡೀನರ ಜೀವನವೇ ಸಾಕ್ಷಿ. ಮೊದಲು ವಿದ್ಯುತ್ ಎಂಜಿನಿಯರಿಂಗ್ ಓದಿದ ಅವರು ಅನಂತರ ಭೌತಶಾಸ್ತ್ರಕ್ಕೆ ಬಂದರು. 1947ರಲ್ಲಿ ಬ್ರಾಟೇನರೊಡನೆ ಟ್ರಾನ್ಸಿಸ್ಟರನ್ನು ಕಂಡುಹಿಡಿದರು. 1956 ಮತ್ತು 1972ರಲ್ಲಿ, ಹೀಗೆ ಎರಡು ಸಾರಿ, ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಮ್ಮ ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾವ್ ಅವರು ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದ ಭೌತಶಾಸ್ತ್ರಜ್ಞರು. ಅವರ ನೇತೃತ್ವದಲ್ಲಿಯೇ ಬೆಂಗಳೂರಿನ ಪೀಣ್ಯದಲ್ಲಿ ‘ಆರ್ಯಭಟ’ ಉಪಗ್ರಹ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು.

ಆದರೆ ಒಂದು ಮಾತನ್ನು ಗಮನಿಸಬೇಕು. ಇವರಿಬ್ಬರೂ ಮೊದಲ ಪದವಿಗೇ ನಿಲ್ಲಲಿಲ್ಲ, ಡಾಕ್ಟರೇಟಿನವರೆಗೆ ಓದಿದರು. ಅರೆವಾಹಕ, ಲೇಸರ್, ಸಂವೇದಕಗಳ ಸಂಶೋಧನೆಯಲ್ಲಿ ತೊಡಗಬೇಕೆನ್ನುವವರಿಗೆ ನಾಲ್ಕು ವರ್ಷಗಳ ಪದವಿ ಮೊದಲ ಮೆಟ್ಟಿಲು ಮಾತ್ರ. ಅಲ್ಲಿಗೇ ನಿಲ್ಲಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವವರೂ ಉಂಟು. ಸಾಲದ ಲೆಕ್ಕ ಎರಡು ದಾರಿಗಳಿಗೂ ಒಂದೇ ಅಲ್ಲ.

ಸಾಲದ ಗಣಿತ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರತಿ ವರ್ಷದ ಆರಂಭದಲ್ಲಿ 2,50,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ. ಬಡ್ಡಿ ಶೇಕಡಾ 10. ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಕಂತಿಗೆ ರಜವಿದ್ದರೂ ಬಡ್ಡಿಗೆ ರಜವಿಲ್ಲ! ಮೊದಲ ವರ್ಷದ ಹಣಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು, ಒಟ್ಟು ಹದಿನಾಲ್ಕು ವರ್ಷಗಳ ಸರಳ ಬಡ್ಡಿ. ವರ್ಷಕ್ಕೆ 25,000ದಂತೆ ಇದು 3,50,000 ರೂಪಾಯಿ. ಆದುದರಿಂದ ಮೊದಲ ಕಂತಿನ ದಿನ ಸಾಲವು 13,50,000 ಆಗಿರುತ್ತದೆ.

ಇದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 17,840 ರೂಪಾಯಿ. ಒಟ್ಟು 21 ಲಕ್ಷಕ್ಕಿಂತ ಹೆಚ್ಚು. ಹದಿನೈದು ವರ್ಷಕ್ಕೆ ಹಂಚಿದರೆ ಕಂತು 14,507ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತವಾದರೋ 26 ಲಕ್ಷಕ್ಕೆ ಏರುತ್ತದೆ. ಕಂತು ಹಗುರವಾದಷ್ಟೂ ಸಾಲ ಭಾರವಾಗುತ್ತದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಇಲ್ಲಿ ನಮ್ಮ ಜಿಲ್ಲೆಯ ಹಳೆಯ ಜಾಣ್ಮೆಯೊಂದು ನೆರವಿಗೆ ಬರುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಕಿರುಹಣವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸುವ ಪದ್ಧತಿಯದು. ಇದೇ ರೀತಿಯಲ್ಲಿ ಬಡ್ಡಿಯನ್ನು ಆಯಾ ಕಾಲಕ್ಕೆ ಕಟ್ಟುತ್ತ ಹೋಗಬಹುದು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿ ದಿನಕ್ಕೆ 70 ರೂಪಾಯಿಗೂ ಕಡಿಮೆ. ನಾಲ್ಕನೆಯ ವರ್ಷ ಮಾತ್ರ ಅದು 274ಕ್ಕೆ ಏರುತ್ತದೆ. ಪೂರ್ತಿ ಬಡ್ಡಿ ಕಟ್ಟಿದರೆ ಅಸಲು 10 ಲಕ್ಷದಲ್ಲಿಯೇ ನಿಂತು, ಹತ್ತು ವರ್ಷದ ಕಂತು 13,215 ಆಗುತ್ತದೆ; ಒಟ್ಟಿನಲ್ಲಿ ಎರಡು ಲಕ್ಷ ರೂಪಾಯಿ ಉಳಿಯುತ್ತದೆ.

ಗಳಿಕೆಯ ಗಣಿತ

ಸಾಲ ನಿಶ್ಚಿತ, ಸಂಬಳ ಅನಿಶ್ಚಿತ. ಕಾಲೇಜುಗಳ ಜಾಹೀರಾತಿನಲ್ಲಿ ಕಾಣುವುದು ಒಬ್ಬಿಬ್ಬರಿಗೆ ದೊರೆತ ಅತಿ ಹೆಚ್ಚಿನ ಸಂಬಳ. ನೀವು ಕೇಳಬೇಕಾದುದು ಆ ವಿಭಾಗದ ನಡುವಣ ವಿದ್ಯಾರ್ಥಿಯ ಸಂಬಳ: ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಲ್ಲುವವನದು. ಕೆಲಸ ಸಿಗದವರನ್ನೂ ಆ ಸಾಲಿನಲ್ಲಿ ಸೇರಿಸಿದ್ದಾರೆಯೇ ಎಂದೂ ವಿಚಾರಿಸಬೇಕು.

ತಿಂಗಳಿಗೆ 80,000 ಕೈಗೆ ಬರುವುದಾದರೆ 17,840ರ ಕಂತು ಅದರ ಕಾಲುಭಾಗಕ್ಕಿಂತ ಕಡಿಮೆ, ಸಹಿಸಬಹುದು. 35,000 ಮಾತ್ರ ಬಂದರೆ ಅರ್ಧಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಬದುಕುವುದು ದುಸ್ತರ. ಇನ್ನು ಪಿಎಚ್.ಡಿ.ಗೆ ಸೇರಿದರೆ? ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಮನೆಬಾಡಿಗೆಯ ಭತ್ಯೆ ಬೇರೆ ದೊರೆತರೂ ಕಂತು ಅದರ ಅರ್ಧದಷ್ಟನ್ನು ನುಂಗುತ್ತದೆ. ಮುಂದಿನ ಓದಿಗಾಗಿ ಕಂತಿನ ಗಡುವನ್ನು ವಿಸ್ತರಿಸುವರೇ ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಸಾಲ ಕಿರಿದಾಗಿಸುವ ದಾರಿಗಳು

2016ರಲ್ಲಿ ಐ.ಐ.ಟಿ.ಗಳ ಬೋಧನಾಶುಲ್ಕ ವರ್ಷಕ್ಕೆ 2 ಲಕ್ಷ ರೂಪಾಯಿಯಾಯಿತು. ಆಗಲೇ ಒಂದು ಲಕ್ಷದೊಳಗಿನ ವರಮಾನದ ಕುಟುಂಬಗಳಿಗೆ ಪೂರ್ಣ ವಿನಾಯಿತಿ, ಒಂದರಿಂದ ಐದು ಲಕ್ಷದವರೆಗಿನವರಿಗೆ ಮೂರನೆಯ ಎರಡು ಪಾಲು ವಿನಾಯಿತಿ ಏರ್ಪಟ್ಟಿತು. ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಅಂಗವಿಕಲರಿಗೂ ಪೂರ್ಣ ವಿನಾಯಿತಿಯುಂಟು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮೀ ಯೋಜನೆಯಲ್ಲಿ, ಎಂಟು ಲಕ್ಷದವರೆಗಿನ ವರಮಾನದ ಅರ್ಹ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ, ಕಂತು ಆರಂಭವಾಗುವವರೆಗೆ, ಶೇಕಡಾ 3ರ ಸಹಾಯವಿದೆ. ನಮ್ಮ ಉದಾಹರಣೆಯಲ್ಲಿ ಇದರಿಂದ 1,05,000 ರೂಪಾಯಿ ಉಳಿಯುತ್ತದೆ.

ಸಾಲವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. 1963ರಲ್ಲಿ ಸ್ಥಾಪನೆಯಾದ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಂಥ ಸಮೀಪದ ಕಾಲೇಜಿನಲ್ಲಿ, ಮನೆಯಿಂದಲೇ ಹೋಗಿಬಂದು ಬಿ.ಎಸ್‌ಸಿ. ಓದಬಹುದು. ಇನ್‌ಸ್ಪೈರ್ ವಿದ್ಯಾರ್ಥಿವೇತನ ದೊರೆತರೆ ವರ್ಷಕ್ಕೆ 80,000 ರೂಪಾಯಿ. ಅನಂತರ ಜ್ಯಾಮ್ ಪರೀಕ್ಷೆಯ ಮೂಲಕ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ.; ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ. 1957ರಲ್ಲಿ ಆರಂಭವಾದ ಆ ಶಾಲೆಯಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ.ಯವರೂ ಎಂಜಿನಿಯರರೂ ವೇತನ ಪಡೆಯುತ್ತಲೇ ಕಲಿಯುತ್ತಾರೆ. ದಾರಿ ಒಂದು ವರ್ಷ ಉದ್ದವಾಗಬಹುದು. ಹೊರೆ ಬಹಳ ಹಗುರ.

ಸಾಲದ ನಿಜವಾದ ಬೆಲೆ

1917ರಲ್ಲಿ ಸಿ. ವಿ. ರಾಮನ್ ಅವರು ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕರಾದರು. ಅಲ್ಲಿನ ಹನ್ನೊಂದು ವರ್ಷಗಳ ದುಡಿಮೆಯ ಫಲವಾಗಿ ರಾಮನ್ ಪರಿಣಾಮ ಬೆಳಕಿಗೆ ಬಂತು. ತಿಂಗಳು ತಿಂಗಳು ದೊಡ್ಡ ಕಂತು ಕಟ್ಟಬೇಕಾದ ತರುಣನು ಅಂಥ ನಿರ್ಧಾರ ಮಾಡಬಲ್ಲನೇ? ಭೌತಶಾಸ್ತ್ರವನ್ನು ಪ್ರೀತಿಸಿ ಸಾಲ ಮಾಡಿದವನು, ಆ ಸಾಲಕ್ಕಾಗಿಯೇ ಭೌತಶಾಸ್ತ್ರವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕಾದೀತು. ಬಡ್ಡಿಗಿಂತ ದೊಡ್ಡ ನಷ್ಟ ಇದೇ.

ಆದಕಾರಣ ವಂಡ್ಸೆಯ ಆ ವಿದ್ಯಾರ್ಥಿನಿಗೆ ನಾವು ಹೇಳುವುದಿಷ್ಟೆ: ಎಂಜಿನಿಯರಿಂಗ್ ಭೌತಶಾಸ್ತ್ರವನ್ನು ಧೈರ್ಯದಿಂದ ಆರಿಸಿಕೊಳ್ಳಬಹುದು. ಆದರೆ ಪಿಎಚ್.ಡಿ.ಯ ಫೆಲೋಶಿಪ್ಪಿನಲ್ಲಿಯೂ ತೀರಿಸಬಲ್ಲಷ್ಟು ಸಾಲವನ್ನು ಮಾತ್ರ ಮಾಡಬೇಕು. ಅದಕ್ಕಿಂತ ಹೆಚ್ಚು ಬೇಕಾಗುವುದಾದರೆ ಬದಲಾಯಿಸಬೇಕಾದುದು ಕಾಲೇಜನ್ನು, ಭೌತಶಾಸ್ತ್ರವನ್ನಲ್ಲ.